ಮೊಲ ಆರಿಸಿದ ಸ್ಪೀಕರು

ಉದ್ದ ಕಿವಿಯ ಮೊಲವೊಂದು ಒಳ್ಳೆಯ ಸ್ಪೀಕರು ಕೊಳ್ಳಲು ಕರಡಿಯ ಅಂಗಡಿಗೆ ಓಡಿ ಬಂತು. ಪ್ರತಿ ಅಂಗಡಿಯಲ್ಲೂ ಪರೀಕ್ಷೆಗೆಂದು ಹಾಕಿಸುವ ತಬಲಾ ವಾದನದ ತನ್ನ ಧ್ವನಿಮುದ್ರಣವನ್ನು ಜೊತೆಗೇ ತಂದಿತ್ತು. ಕರಡಿ ಅದನ್ನು ಮೊದಲು ಪುಟ್ಟ ಸ್ಪೀಕರಿನಲ್ಲಿ, ಆಮೇಲೆ ಮೊಲಕ್ಕಿಂತ ಎತ್ತರದ ಸ್ಪೀಕರಿನಲ್ಲಿ ಕೇಳಿಸಿತು. ದೊಡ್ಡದರ ಸದ್ದಿಗೆ ಮೊಲದ ಎದೆಯೇ ನಡುಗಿತು.

"ಆಹಾ, ಇದೇ! ನನಗೆ ಇದೇ ಬೇಕು!" ಎಂದು ಕುಣಿಯಿತು.

ಪುಟ್ಟ ಸ್ಪೀಕರು ಕೇಳಿತು: "ಸ್ವಾಮಿ, ತಮ್ಮ ಬಿಲ ಎಷ್ಟು ದೊಡ್ಡದು?"

"ಕೇಳುವುದು ನನ್ನ ಕಿವಿ, ಬಿಲವಲ್ಲ! ಇಂಥ ಕಿವಿ ಬೇರೆ ಯಾರಿಗಿದೆ?" ಎಂದಿತು ಮೊಲ.

ಮನೆಗೆ ಬಂದದ್ದೇ ಬಿಲದ ಬಾಯಿ ಅಗೆದು ಅಗಲ ಮಾಡಿ, ಆ ದೊಡ್ಡ ಸ್ಪೀಕರನ್ನು ಒಳಗೆ ತಳ್ಳಿತು. ಬಿಲ ತುಂಬಿಹೋಯಿತು. ಹೆಂಡತಿ, ಮಕ್ಕಳು, ಕೊನೆಗೆ ಮೊಲವೂ ಹೊರಗೆ ನಿಂತು ಕೇಳಬೇಕಾಯಿತು. ಅಷ್ಟರಲ್ಲಿ ಪೊದೆಯಾಚೆ ನರಿ ಕಾಣಿಸಿತು.

"ರೀ, ನರಿ ಬಂತು! ಎಲ್ಲಿ ಅಡಗೋಣ?" ಎಂದು ಹೆಂಡತಿ ಚೀರಿದಳು.

ಮೊಲ ಕಣ್ಣು ಮುಚ್ಚಿ, ಕಿವಿ ನಿಮಿರಿಸಿ ನಿಂತಿತ್ತು.

"ಶ್! ಸುಮ್ಮನಿರೇ, ಈಗ ತಬಲಾ ಬರುತ್ತೆ!"