ಪಾತ್ರೆ ವ್ಯಾಪಾರಿ ಕಾರು ಕೊಂಡದ್ದು

"ಹೊಸದನ್ನು ಕೊಳ್ಳಲೇ, ಹಳೆಯದನ್ನು ಕೊಳ್ಳಲೇ, ಗುರುಗಳೇ?"

ಸಂಜೆಯ ಪ್ರವಚನ ಮುಗಿದು ಜನರೆಲ್ಲ ಎದ್ದು ಹೋದ ಮೇಲೆ ಮೃತ್ಯುಂಜಯ ಹೀಗೆ ಕೇಳಿದ. ಅವನು ಆ ಊರಿನ ಕಾಲೇಜಿನಲ್ಲಿ ಗುಮಾಸ್ತ. ಬಹಳ ವರ್ಷಗಳಿಂದ ಮಠಕ್ಕೆ ನಡೆದುಕೊಳ್ಳುವವನು.

"ಏನನ್ನು?" ಎಂದರು ಗುರುಗಳು.

"ಕಾರನ್ನು. ಡಿಕ್ಕಿ ಇರುವ ಸಣ್ಣ ಕಾರು. ಹೊಸದಾದರೆ ಸಾಲ ಮೈಮೇಲೆ ಬರುತ್ತದೆ. ಷೋರೂಮಿನ ಬಾಗಿಲು ದಾಟಿದ ಕೂಡಲೇ ಅದರ ಬೆಲೆ ಇಳಿಯುತ್ತದೆ ಎನ್ನುತ್ತಾರೆ. ಹಳೆಯದಾದರೆ ಯಾರ ಕೈಯಲ್ಲಿ ಹೇಗೆ ಓಡಿತ್ತೋ, ಎಲ್ಲಿ ಗುದ್ದಿತ್ತೋ ತಿಳಿಯದು. ಪೆಟ್ರೋಲಿನದಾದರೆ ಖರ್ಚು ಹೆಚ್ಚು. ಗ್ಯಾಸಿನದಾದರೆ ಸಿಲಿಂಡರೇ ಡಿಕ್ಕಿಯನ್ನೆಲ್ಲ ತುಂಬಿಬಿಡುತ್ತದೆ. ಮೈಲೇಜು ನೋಡಿದೆ, ಟೈರು ನೋಡಿದೆ, ವಿಮೆ ವಿಚಾರಿಸಿದೆ. ತಿಳಿದವರನ್ನೆಲ್ಲ ಕೇಳಿದೆ. ಒಬ್ಬರು ಹೌದು ಎಂದದ್ದನ್ನು ಇನ್ನೊಬ್ಬರು ಅಲ್ಲ ಎನ್ನುತ್ತಾರೆ. ಎದುರಿಗೆ ಅನ್ನವಿದ್ದರೂ ಊಟ ಸೇರುವುದಿಲ್ಲ. ಇಷ್ಟು ಭಯ ನನಗೆ ಯಾವುದಕ್ಕೂ ಆಗಿರಲಿಲ್ಲ."

ಮಠದ ಹಿರಿಯ ಶಿಷ್ಯ ವಿರೂಪಾಕ್ಷಯ್ಯನವರು ಜಮಖಾನೆ ಸುತ್ತುತ್ತಿದ್ದರು. "ಇಲ್ಲಿಗೆ ಮೋಕ್ಷ ಕೇಳಲು ಬಂದವರನ್ನು ನೋಡಿದ್ದೇನೆ. ಮೈಲೇಜು ಕೇಳಲು ಬಂದವನನ್ನು ಇವತ್ತೇ ನೋಡಿದ್ದು" ಎಂದರು.

ಮೃತ್ಯುಂಜಯ ತಲೆ ತಗ್ಗಿಸಿದ. ಗುರುಗಳು ನಗಲಿಲ್ಲ.

"ಕೂತುಕೋ, ಮೃತ್ಯುಂಜಯ. ವಿರೂಪಾಕ್ಷಯ್ಯ, ನೀವೂ ಕೂತುಕೊಳ್ಳಿ. ಜಮಖಾನೆ ಎಲ್ಲಿಗೂ ಓಡಿಹೋಗುವುದಿಲ್ಲ."

ಇಬ್ಬರೂ ಕುಳಿತರು. ಗುರುಗಳು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಸ್ಟೀಲು, ತಾಮ್ರ, ಹಿತ್ತಾಳೆ ಎಲ್ಲವೂ ಅವನ ಅಂಗಡಿಯಲ್ಲಿ ಸಿಗುತ್ತಿತ್ತು. ಅವನ ವ್ಯಾಪಾರಕ್ಕೆ ಒಂದು ಕ್ರಮವಿತ್ತು. ಗಿರಾಕಿ ಬಂದು ಕುಕ್ಕರು ಬೇಕು ಎಂದರೆ ಅವನು ಕೂಡಲೇ ಕುಕ್ಕರನ್ನು ಕೆಳಗಿಳಿಸುತ್ತಿರಲಿಲ್ಲ. "ಮನೆಯಲ್ಲಿ ಎಷ್ಟು ಜನ? ಒಲೆಯ ಮುಂದೆ ನಿಲ್ಲುವವರು ಯಾರು?" ಎಂದು ಮೊದಲು ಕೇಳುತ್ತಿದ್ದ. ಅಡುಗೆ ಮಾಡುವವರು ವಯಸ್ಸಾದವರು ಎಂದು ತಿಳಿದರೆ ಭಾರದ ಪಾತ್ರೆಯನ್ನು ತೋರಿಸುತ್ತಲೇ ಇರಲಿಲ್ಲ. ಲಾಭ ಕಡಿಮೆಯಾದರೂ ಹಗುರವಾದದ್ದನ್ನೇ ಕೊಡುತ್ತಿದ್ದ. ಕೊಡುವ ಮುಂಚೆ ಅದನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನಾದ ಕೇಳುತ್ತಿದ್ದ. ಬಿರುಕಿದ್ದರೆ ಅವನ ಕಿವಿಗೆ ತಿಳಿಯುತ್ತಿತ್ತು. ಅವನು ಕೊಟ್ಟ ಪಾತ್ರೆಯನ್ನು ಯಾರೂ ಹಿಂದಕ್ಕೆ ತಂದದ್ದಿಲ್ಲ.

ಅವನ ಹೆಂಡತಿಗೆ ಮೊಣಕಾಲಿನ ಬೇನೆ. ನಿಲ್ಲುವುದು ಆಗುತ್ತಿತ್ತು. ನಿಧಾನವಾಗಿ ನಡೆಯುವುದೂ ಆಗುತ್ತಿತ್ತು. ಮೊಣಕಾಲು ಮಡಚುವುದು ಮಾತ್ರ ಆಗುತ್ತಿರಲಿಲ್ಲ. ವ್ಯಾಪಾರಿಯೇ ಮಂಚದ ಕಾಲುಗಳ ಕೆಳಗೆ ಮರದ ತುಂಡುಗಳನ್ನಿಟ್ಟು ಅದನ್ನು ಎತ್ತರ ಮಾಡಿದ್ದ. ಅವಳಿಗಾಗಿ ಎತ್ತರದ ಕುರ್ಚಿಯೊಂದನ್ನು ಮಾಡಿಸಿದ್ದ. ಆದರೆ ಬಸ್ಸಿನ ಮೆಟ್ಟಿಲು ಅವಳಿಗೆ ಹತ್ತಲಾಗದು. ಸ್ಕೂಟರಿನ ಮಾತೇ ಇಲ್ಲ. ಆಟೋದ ಕುಲುಕಾಟಕ್ಕೆ ನೋವು ಇಮ್ಮಡಿಯಾಗುತ್ತಿತ್ತು. ಹೀಗಾಗಿ ಅವಳು ಮನೆಯ ಹೊಸಿಲು ದಾಟಿ ಬಹಳ ಕಾಲವಾಗಿತ್ತು.

ಅವಳಿಗೆ ಒಬ್ಬ ಅಕ್ಕ ಇದ್ದಳು. ತಾಯಿ ಇಲ್ಲದ ಮನೆಯಲ್ಲಿ ತಂಗಿಗೆ ತಲೆ ಬಾಚಿ, ತುತ್ತಿಟ್ಟು ಬೆಳೆಸಿದವಳು. ಅವಳ ಊರು ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪುವಷ್ಟು ದೂರ. ಆ ಅಕ್ಕ ಹಾಸಿಗೆ ಹಿಡಿದಿದ್ದಳು. ಫೋನು ಮಾಡಿದಾಗಲೆಲ್ಲ ತಂಗಿಯನ್ನು ಕೇಳುತ್ತಿದ್ದುದು ಒಂದೇ ಮಾತು.

"ಯಾವಾಗ ಬರುತ್ತೀಯೇ?"

ಹೆಂಡತಿ ಗಂಡನಿಗೆ ಹೇಳಿದಳು. "ರೀ, ಒಂದು ಬಾಡಿಗೆ ಗಾಡಿ ಮಾಡಿ. ಅಕ್ಕನ ಮುಖ ನೋಡಿಕೊಂಡು ಬರುತ್ತೇನೆ."

"ಬಾಡಿಗೆ ಗಾಡಿ ಏಕೆ? ನಮ್ಮದೇ ಕಾರು ತೆಗೆದುಕೊಳ್ಳೋಣ. ಬೇಕೆಂದಾಗ ಹೋಗು. ಬೇಕಾದಷ್ಟು ದಿನ ಇದ್ದು ಬಾ."

ಆ ಮಾತಿನಲ್ಲಿ ಪ್ರೀತಿಯೇ ಇತ್ತು. ಅವಳು ಒಪ್ಪಿದಳು. ಅಕ್ಕನಿಗೂ ಹಾಗೆಯೇ ತಿಳಿಸಿದಳು.

ವ್ಯಾಪಾರಿ ಷೋರೂಮಿಗೆ ಹೋದ. ಡಿಕ್ಕಿ ಇರುವ ಕಾರುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯದನ್ನು ತೋರಿಸಿರೆಂದ. ತೋರಿಸಿದರು. ಬೆಲೆಯ ಮೇಲೆ ತೆರಿಗೆ, ತೆರಿಗೆಯ ಮೇಲೆ ವಿಮೆ ಎಂದು ಹೇಳುತ್ತಾ ಹೋದರು. ತಿಂಗಳ ಕಂತು ತಪ್ಪಿದರೆ ಏನು ಗತಿ ಎಂಬ ಯೋಚನೆ ಬಂತು. ಆಲೋಚಿಸಿ ಬರುತ್ತೇನೆ ಎಂದು ಹೊರಗೆ ಬಂದ.

ಅವನ ತಮ್ಮ ಹೇಳಿದ. "ಅಣ್ಣಾ, ಹೊಸ ಗಾಡಿಗೆ ದುಡ್ಡು ಸುರಿಯುವವರು ದಡ್ಡರು. ಒಳ್ಳೆಯ ಹಳೆಯದನ್ನು ನೋಡು. ಆದರೆ ಡಿಕ್ಕಿ ಇರಲಿ. ಡಿಕ್ಕಿ ಇಲ್ಲದ ಗಾಡಿಯಲ್ಲಿ ಇಳಿದರೆ ಬೀಗರು ಎದ್ದು ನಿಲ್ಲುವುದಿಲ್ಲ."

ಹಳೆಯ ಕಾರುಗಳ ದಲ್ಲಾಳಿಯೊಬ್ಬ ಸಿಕ್ಕಿದ. ಅವನು ತೋರಿಸಿದ ಪ್ರತಿಯೊಂದು ಕಾರೂ ಡಾಕ್ಟರರದು. ಪ್ರತಿಯೊಂದಕ್ಕೂ ಒಬ್ಬರೇ ಮಾಲೀಕರು. ಪ್ರತಿಯೊಂದೂ ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಮಾತ್ರ ಓಡಿದ್ದು.

ವ್ಯಾಪಾರಿ ಕಾರಿನ ಸುತ್ತ ನಡೆದು ಬಾಗಿಲುಗಳನ್ನು ಗೆಣ್ಣಿನಿಂದ ತಟ್ಟಿದ.

"ಯಜಮಾನರೇ, ಅದು ಕೊಡಪಾನವಲ್ಲ" ಎಂದ ದಲ್ಲಾಳಿ.

"ತಗಡು ಎಲ್ಲಿದ್ದರೂ ತಗಡೇ. ಈ ಬಾಗಿಲು ಟಣ್ ಎನ್ನುತ್ತದೆ. ಹಿಂದಿನದು ದಬ್ ಎನ್ನುತ್ತದೆ. ಗುದ್ದಿದ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ. ನಿಮ್ಮ ಡಾಕ್ಟರರು ಆಸ್ಪತ್ರೆಗೆ ಹೋಗುತ್ತಿದ್ದುದು ರೋಗಿಯಾಗಿಯೋ?"

ದಲ್ಲಾಳಿ ಬೇರೆ ಕಾರು ತೋರಿಸಿದ.

ಆ ದಿನ ವ್ಯಾಪಾರಿ ಮನೆಗೆ ಬಂದಾಗ ಅವನಿಗೆ ಹೆಮ್ಮೆ ಆಗಬೇಕಿತ್ತು. ಆದರೆ ಭಯ ಹೆಚ್ಚಾಯಿತು. ಒಂದರಲ್ಲಿ ಮೋಸವಿದ್ದರೆ ಎಲ್ಲದರಲ್ಲೂ ಇರಬಹುದು ಎಂದು ಅವನಿಗೆ ಅನಿಸಿತು. ಅಂಗಡಿಗೆ ಬಂದ ಗಿರಾಕಿಗಳ ಮುಂದೆ ಅದೇ ಮಾತು ತೆಗೆದ. ಒಬ್ಬರು ನೆರೆನೀರಿನಲ್ಲಿ ಮುಳುಗಿದ ಕಾರನ್ನು ಒರೆಸಿ ಮಾರುತ್ತಾರೆ ಎಂದರು. ಇನ್ನೊಬ್ಬರು ಓಡಿದ ದೂರವನ್ನು ಮೀಟರಿನಲ್ಲಿ ಹಿಂದಕ್ಕೆ ತಿರುಗಿಸುತ್ತಾರೆ ಎಂದರು. ಅವನು ಪ್ರತಿ ಕಾರಿಗೂ ಮೆಕ್ಯಾನಿಕ್ಕನನ್ನು ಕರೆದೊಯ್ದ. ಮೆಕ್ಯಾನಿಕ್ಕ ಒಪ್ಪಿದ ಕಾರಿನ ನಂಬರನ್ನು ಜೋಯಿಸರು ಒಪ್ಪಲಿಲ್ಲ. ಜೋಯಿಸರು ಒಪ್ಪಿದ ಬಣ್ಣವನ್ನು ತಮ್ಮ ಒಪ್ಪಲಿಲ್ಲ. ಮತ್ತೆ ಷೋರೂಮಿಗೆ ಹೋದ. ಮತ್ತೆ ಹೊರಗೆ ಬಂದ.

ಅಂಗಡಿಯಲ್ಲಿ ಅವನ ಗಮನ ತಪ್ಪಿತು. ಬೀದಿಯಲ್ಲಿ ಕಾರು ಹೋದರೆ ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ಹಿಡಿದು ನೋಡುತ್ತಿದ್ದ.

ಹೆಂಡತಿ ಒಮ್ಮೆ ಕೇಳಿದಳು. "ನಾನೂ ಬಂದು ನೋಡಲೇ?"

"ನೀನು ಬಂದು ಏನು ನೋಡುತ್ತೀ? ಎಂಜಿನ್ನು ನೋಡುತ್ತೀಯಾ? ಆ ಕಾಲಿನಲ್ಲಿ ಓಡಾಡಿ ನೋವು ಹೆಚ್ಚು ಮಾಡಿಕೊಳ್ಳಬೇಡ. ಕಾರನ್ನು ಬಾಗಿಲಿಗೇ ತರುತ್ತೇನೆ."

ಅಕ್ಕನ ಫೋನು ಬಂತು. ಅಕ್ಕನ ಮಾತು ತೊದಲುತ್ತಿತ್ತು.

"ಕಾರು ಬಂತೇನೇ?"

"ಇನ್ನೂ ನೋಡುತ್ತಿದ್ದಾರೆ, ಅಕ್ಕ."

"ಚೆನ್ನಾಗಿ ನೋಡಲಿ. ಅವಸರವಿಲ್ಲ" ಎಂದಳು ಅಕ್ಕ. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಹೆಂಡತಿ ಬಾಡಿಗೆ ಗಾಡಿಯ ಮಾತನ್ನು ಮತ್ತೆ ಎತ್ತಿದಳು. "ಇಷ್ಟು ದಿನ ತಡೆದಿದ್ದೀಯೆ. ಈ ವಾರ ಖಂಡಿತ" ಎಂದ ವ್ಯಾಪಾರಿ. ಆ ವಾರವೂ ಕಳೆಯಿತು.

ಕೊನೆಗೆ ಒಂದು ಕಾರು ಸಿಕ್ಕಿತು. ಹಳೆಯದು, ಆದರೆ ಹೊಸದರಂತಿತ್ತು. ಮಾಲೀಕರು ನಿಜವಾಗಿಯೂ ಒಬ್ಬರೇ. ಡಾಕ್ಟರರಲ್ಲ, ಅಂಚೆ ಕಚೇರಿಯಿಂದ ನಿವೃತ್ತರಾದವರು. ವ್ಯಾಪಾರಿ ತಟ್ಟಿದ. ಎಲ್ಲ ಬಾಗಿಲುಗಳೂ ಒಂದೇ ನಾದ ಕೊಟ್ಟವು. ಮೆಕ್ಯಾನಿಕ್ಕ ಎಂಜಿನ್ನಿಗೆ ಕಿವಿಗೊಟ್ಟು ತಲೆಯಾಡಿಸಿದ. ಜೋಯಿಸರು ನಂಬರನ್ನು ಕೂಡಿಸಿ ಒಪ್ಪಿದರು. ತಮ್ಮ ಡಿಕ್ಕಿಯನ್ನು ತೆರೆದು ನೋಡಿ, ಒಂದು ಮದುವೆಯ ಪಾತ್ರೆಗಳು ಹಿಡಿಸುತ್ತವೆ ಎಂದ. ಬೆಲೆಯೂ ನ್ಯಾಯವಾಗಿತ್ತು. ಅವನು ಮೋಸ ಹೋಗಲಿಲ್ಲ. ಆ ಪೇಟೆಯಲ್ಲಿ ಅಷ್ಟು ಒಳ್ಳೆಯ ಕಾರನ್ನು ಅಷ್ಟು ಬೆಲೆಗೆ ಯಾರೂ ಕೊಂಡಿರಲಿಲ್ಲ. ಬಹಳ ದಿನಗಳ ಮೇಲೆ ಅವನಿಗೆ ಎದೆ ಹಗುರವಾಯಿತು.

ಬೆಳಿಗ್ಗೆ ಕಾರು ಬಾಗಿಲಿಗೆ ಬಂತು. ಹೂವಿನ ಹಾರ ಹಾಕಿದ್ದರು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಹೆಂಡತಿ ಗೋಡೆ ಹಿಡಿದು ಹೊರಗೆ ಬಂದು ಆರತಿ ಎತ್ತಿದಳು. ಪ್ರಯಾಣದ ಸೀರೆ ಉಟ್ಟಿದ್ದಳು. ಕೈಚೀಲದಲ್ಲಿ ಅಕ್ಕನಿಗೆ ಇಷ್ಟವಾದ ಕೊಬ್ಬರಿ ಮಿಠಾಯಿ ಇತ್ತು. ವ್ಯಾಪಾರಿ ಮುಂದಿನ ಬಾಗಿಲನ್ನು ತೆರೆದ.

ಅವಳು ಕಾರಿನ ಚಾವಣಿಗೆ ಕೈಯೂರಿ ಸೀಟನ್ನು ನೋಡಿದಳು. ಸೀಟು ಬಹಳ ಕೆಳಗಿತ್ತು.

ಅವಳು ಪ್ರಯತ್ನಿಸಿದಳು. ಮೈ ಇಳಿಯಿತು, ಮೊಣಕಾಲು ಮಡಚಲಿಲ್ಲ. ವ್ಯಾಪಾರಿ ಸೀಟನ್ನು ಹಿಂದಕ್ಕೆ ಸರಿಸಿದ. ತಮ್ಮ ಅವಳ ತೋಳು ಹಿಡಿದ. ಮತ್ತೊಮ್ಮೆ ಕೂರಲು ಮೈ ಇಳಿಸಿದಳು. ನೋವಿಗೆ ಅವಳ ತುಟಿ ಬಿಳಿಚಿತು. ಹಿಂದಿನ ಬಾಗಿಲಿನಿಂದ ಪ್ರಯತ್ನಿಸಿದರು. ಅಲ್ಲಿ ಕಾಲು ಚಾಚಲು ಜಾಗವಿರಲಿಲ್ಲ. ಸೀಟಿನ ಮೇಲೆ ದಿಂಬು ಇಟ್ಟರು. ದಿಂಬಿನ ಮೇಲೆ ಕೂತರೆ ತಲೆ ಚಾವಣಿಗೆ ತಗುಲುತ್ತಿತ್ತು. ನೋಡಲು ಬಂದಿದ್ದ ನೆರೆಯವರು ಒಬ್ಬೊಬ್ಬರಾಗಿ ಒಳಗೆ ಹೋದರು.

ವ್ಯಾಪಾರಿ ಬಾಗಿಲು ಹಿಡಿದು ನಿಂತಿದ್ದ.

ಹೆಂಡತಿ ನೆಟ್ಟಗೆ ನಿಂತು ಸೆರಗು ಸರಿಮಾಡಿಕೊಂಡಳು. "ಕುಕ್ಕರು ಕೆಳಗಿಳಿಸುವ ಮುಂಚೆ ಅಂಗಡಿಯಲ್ಲಿ ನೀವು ಒಂದು ಮಾತು ಕೇಳುತ್ತೀರಲ್ಲ" ಎಂದಳು.

ಅದೇ ಬೀದಿಯಲ್ಲಿ ಶಾಲೆಯ ಮಕ್ಕಳನ್ನು ಕರೆದೊಯ್ಯುವ ಹಳೆಯ ವ್ಯಾನಿತ್ತು. ಅದರ ಮುಂದಿನ ಸೀಟು ಅವಳ ಮಂಚದಷ್ಟೇ ಎತ್ತರ. ವ್ಯಾನಿನವನನ್ನು ಕರೆದರು. ಅವಳು ಸೀಟಿಗೆ ಬೆನ್ನು ಮಾಡಿ ನಿಂತು, ಹಿಂದಕ್ಕೆ ಸರಿದು ಕೂತು, ಕಾಲುಗಳನ್ನು ಒಂದೊಂದಾಗಿ ಒಳಗೆ ತೆಗೆದುಕೊಂಡಳು. ಯಾರೂ ಹಿಡಿಯಬೇಕಾಗಲಿಲ್ಲ. ಆ ವ್ಯಾನು ಅವರ ಬೀದಿಯಲ್ಲಿ ದಿನವೂ ನಿಂತಿರುತ್ತಿತ್ತು.

ಮಧ್ಯಾಹ್ನ ಅಕ್ಕನ ಮನೆ ತಲುಪಿದರು. ಅಕ್ಕ ಕಣ್ಣು ತೆರೆದಿದ್ದಳು. ತಂಗಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಮಗಳ ಕಡೆ ತಿರುಗಿ, "ಇವರು ಯಾರು? ಕಾಫಿ ಕೊಟ್ಟೆಯಾ?" ಎಂದು ಕೇಳಿದಳು. ಹಿಂದಿನ ವಾರದವರೆಗೂ ತಂಗಿಯ ಹೆಸರು ಹಿಡಿದು ಕರೆಯುತ್ತಿದ್ದಳು ಎಂದು ಮಗಳು ಹೇಳಿದಳು.

ವ್ಯಾಪಾರಿಯ ಕಾರು ಈಗಲೂ ಚೆನ್ನಾಗಿ ಓಡುತ್ತಿದೆ. ಒಂದು ದಿನವೂ ಕೆಟ್ಟು ನಿಂತಿಲ್ಲ. ಅದರಲ್ಲಿ ಪಾತ್ರೆಗಳು ಹೋಗಿ ಬರುತ್ತವೆ.

ಗುರುಗಳು ಕತೆ ನಿಲ್ಲಿಸಿದರು. ವಿರೂಪಾಕ್ಷಯ್ಯನವರು ಜಮಖಾನೆಯ ಅಂಚನ್ನು ನೋಡುತ್ತಾ ಕೂತಿದ್ದರು.

ಗುರುಗಳು ಮತ್ತೇನಾದರೂ ಹೇಳುತ್ತಾರೆ ಎಂದು ಮೃತ್ಯುಂಜಯ ಅಂದುಕೊಂಡಿದ್ದ. ಕೊನೆಗೆ ಅವನೇ ಕೇಳಿದ.

"ಗುರುಗಳೇ, ಅವನು ಹೆಂಡತಿಯ ಮೇಲಿನ ಪ್ರೀತಿಯಿಂದಲೇ ಅಷ್ಟು ಹೆದರಿದನಲ್ಲವೇ?"

"ಅವನೂ ಹಾಗೆಯೇ ತಿಳಿದಿದ್ದ. ದಲ್ಲಾಳಿ ತನಗೆ ಮೋಸ ಮಾಡಿಯಾನು, ಪೇಟೆಯವರು ತನ್ನನ್ನು ನೋಡಿ ನಕ್ಕಾರು ಎಂದು ಅವನು ಹೆದರಿದ್ದ. ಅವಳಿಗಾಗಿ ಹೆದರಿದ್ದರೆ ಅವಳನ್ನೇ ಕೇಳುತ್ತಿದ್ದ."

ಮೃತ್ಯುಂಜಯ ತಲೆಯಾಡಿಸಿದ. ಆದರೆ ಅವನ ಮನಸ್ಸು ಇನ್ನೂ ಷೋರೂಮಿಗೂ ದಲ್ಲಾಳಿಯ ಅಂಗಳಕ್ಕೂ ನಡುವೆ ಓಡಾಡುತ್ತಿತ್ತು.

"ಅದು ಅವನ ಮಾತಾಯಿತು. ನನಗೆ ಯಾವುದು ಸರಿ, ಗುರುಗಳೇ? ಹೊಸದೋ, ಹಳೆಯದೋ?"

ಗುರುಗಳು ಎದ್ದು ನಿಂತರು.

"ಆಗಿನಿಂದ ನೀನು ಕಾರಿನ ವಿಷಯವನ್ನೆಲ್ಲ ಹೇಳಿದೆ, ಮೃತ್ಯುಂಜಯ, ಅದರಲ್ಲಿ ಕೂರುವವರು ಯಾರೆಂದು ಇನ್ನೂ ಹೇಳಲಿಲ್ಲ."