ನಾಯಿಗೆ ಹೋದ ಹೊಳಿ ಹೆಸರು

ಹೊಳಿ ಹೆಸರು ನನ್ನ ಯಾಕ ಕೇಳ್ತೀರಿ, ಮಾರಾಯ್ರ? ಇಂಗ್ಲಿಷ್ ನಕಾಶದಾಗ ದೊಡ್ಡ ಅಕ್ಷರದಾಗ ಬರದಾರ, ಓದ್ಕೋರಿ. ಅರ್ಥಾನೂ ಬಾಜೂಕ ಐತಿ. ನಮ್ಮ ಮಂದಿ ಹೊಳೀನ ಆ ಹೆಸರಿಲೆ ಯಾಕ ಕರಿಯೂದಿಲ್ಲ ಅಂತೀರಲ್ಲ, ಅದಕ್ಕೊಂದು ಕಥಿ ಐತಿ. ಕುಂಡ್ರಿ. ಹೂಂ ಅನ್ನಾಕ ಒಬ್ಬರು ಬೇಕು.

ಒಂದಾನೊಂದು ಊರು. ಊರ ಮಗ್ಗಲಕ ಒಂದು ಹೊಳಿ. ಹೊಳಿ ದಂಡಿಗೆ ಅಂಬಿಗರ ಹುಲಿಗೆಪ್ಪ, ಅವನ ಹೇಂತಿ ಯಂಕವ್ವ, ಅವರಿಗೊಂದು ಹರಗೋಲು. ಹುಲಿಗೆಪ್ಪಗ ಈಸು ಬರ್ತಿದ್ದಿಲ್ಲಂತ. "ಅಂಬಿಗ ಈಸಿದ ಅಂದ್ರ ಹರಗೋಲು ಮುಳಗೇತಿ ಅಂತಾತು. ಅಂಥಾ ಮಾನಗೇಡಿ ಕೆಲಸ ನನಗ್ಯಾಕ?" ಅಂತಿದ್ನಂತ.

ಆ ಊರಿಗೊಂದು ಪದ್ಧತಿ ಇತ್ತು. ಹೊಳಿ ಹೆಸರು ಯಾರೂ ಬಾಯಿಲೆ ಅನ್ನಂಗಿಲ್ಲ. ನೀರು ತರಾಕ ಹೋದ್ರೂ ಅವ್ವ, ಅರಿವಿ ಒಗ್ಯಾಕ ಹೋದ್ರೂ ಅವ್ವ, ಬೈಯೂದಿದ್ರೂ ಅವ್ವ. ಮನ್ಯಾಗಿನ ಜೀವ ನೀರಿನ ಸೆಳವಿಗೆ ಸಿಕ್ಕಾಗ ಮಾತ್ರ, ಮೊಣಕಾಲ ಮಟ ನೀರಾಗ ನಿಂತು, ಮೂರು ಸಲ ಹೆಸರು ಹಿಡದು ಕರೀಬೇಕು. ಆಗ ಹೊಳಿ ತಿರುಗಿ ನೋಡತೈತಿ, ಒಯ್ದದ್ದನ್ನ ತಿರುಗಿ ಕೊಡತೈತಿ. ಹುಲಿಗೆಪ್ಪನ ಅಪ್ಪನ್ನ ಹಂಗ ಕರದು ತಂದಿದ್ರಂತ.

ಹಿಂಗಿರುವಾಗ ಒಬ್ಬ ಬಿಳೇ ದೊರಿ ಬಂದ. ಸರಪಳಿ ತಂದ, ದುರ್ಬೀನು ತಂದ, ದುಭಾಷಿನ ತಂದ, ಇನ್ನೂ ಹೆಸರಿಡದ ಒಂದು ಕರೇ ನಾಯೀನೂ ತಂದ. ಕರುವಿನಷ್ಟು ನಾಯಿ.

"ಈ ಹೊಳಿ ಹೆಸರೇನು?"

"ಅವ್ವ ಅಂತೀವ್ರಿ," ಅಂದ ಹುಲಿಗೆಪ್ಪ.

"ಎಲ್ಲಾ ಊರಾಗೂ ಅವ್ವ ಅಂತಾರ. ಖರೇ ಹೆಸರು ಹೇಳು. ಇಲ್ಲಾಂದ್ರ ನಮ್ಮತ್ತಿ ಹೆಸರು ಬರಕೊಂತೀನಿ."

ಹುಲಿಗೆಪ್ಪಗ ಊಟ ಸೇರಲಿಲ್ಲ. ಎಂಥಾ ಅತ್ತಿಯೋ ಏನೋ. ಯಂಕವ್ವನ ಮುಂದ ಹೇಳಿದ.

"ಬರಕೊಳ್ಳಲಿ ಬಿಡು," ಅಂದ್ಲು ಆಕಿ. "ಅತ್ತಿ ಹೆಸರು ಹಾಳೀ ಮ್ಯಾಲೆ ಇರತೈತಿ. ಹೊಳಿಗೇನು ಓದಾಕ ಬರತೈತೇನು? ನೀ ಮಾತ್ರ ಹೇಳಬ್ಯಾಡ."

ಆದ್ರ ಅವ್ವಗ ಯಾರದೋ ಅತ್ತಿ ಹೆಸರು ಬೀಳತೈತಿ ಅಂತ ಅವಗ ತಡಕೊಳ್ಳಾಕ ಆಗಲಿಲ್ಲ. ಮರುದಿನ ದೊರೀನ ಗುಡ್ಡದ ಮ್ಯಾಲೆ ಕರಕೊಂಡು ಹೋದ. ಹನಿ ನೀರಿಲ್ಲದ ಜಾಗ. ಇಲ್ಲಿ ಹೇಳಿದ್ರ ಹೊಳಿಗೆ ಕೇಳೂದಿಲ್ಲ ಅಂತ ಲೆಕ್ಕ ಹಾಕಿ, ದುಭಾಷಿ ಕಿವ್ಯಾಗ ಹೆಸರು ಹೇಳಿಬಿಟ್ಟ.

"ಅರ್ಥ?"

"ತಿರುಗಿ ಕೊಡಾಕಿ ಅಂತ್ರಿ."

"ಹೆಂಗ ಬಳಸ್ತೀರಿ?"

"ಬಳಸೂದಿಲ್ರಿ. ಇಟ್ಟಿರತೀವಿ."

ದುಭಾಷಿ ಇಂಗ್ಲಿಷಿನ್ಯಾಗ ಹೆಸರು ಬರದ, ಅರ್ಥ ಬರದ, ಬಳಕಿ ಜಾಗ ಖಾಲಿ ಬಿಟ್ಟ.

ಆ ಖಾಲಿ ಜಾಗ ದೊರಿ ತುಂಬಿದ. ಅವನ ಸೀಮ್ಯಾಗ ನಾಯಿಗೆ ಹೊಳಿ ಹೆಸರಿಟ್ರ ಹುಚ್ಚು ಹಿಡಿಯೂದಿಲ್ಲ ಅಂತಾರಂತ. ಹೊಸಾ ಹೆಸರು ಚೊಲೋ ಕಂಡಿತು, ನಾಯಿಗೆ ಇಟ್ಟ. ಅವತ್ತಿಂದ ಮುಂಜಾನಿಂದ ಸಂಜೀಮಟ ಅದೇ ಹೆಸರು. ಬಾ ಅಂತ ಒಮ್ಮೆ, ಕುಂಡ್ರು ಅಂತ ಒಮ್ಮೆ, ಬೂಟು ಬಿಡು ಅಂತ ಹತ್ತು ಸಲ. ಹೆಸರು ಕೇಳಿದಾಗೊಮ್ಮೆ ಹುಲಿಗೆಪ್ಪ ಹೊಳಿ ಕಡೆ ನೋಡ್ತಿದ್ದ. ಮೊದಲನೇ ದಿನ ತೆರಿ ಎದ್ದಂಗ ಕಂಡಿತು. ಎರಡನೇ ದಿನ ಅರ್ಧ ಎದ್ದಿತು. ಮೂರನೇ ದಿನದಿಂದ ಹೊಳಿ ತನ್ನ ಪಾಡಿಗೆ ತಾ ಹರೀತು. ಅದೇ ಅವಗ ಹೆಚ್ಚು ಹೆದರಿಕಿ.

ಶ್ರಾವಣ ಬಂತು, ಕೆಂಪು ನೀರು ಬಂತು. ಒಂದಿನ ಮಧ್ಯಾಹ್ನ ಹರಗೋಲು ಮ್ಯಾಲೆ ಎಳೀಬೇಕಂತ ಯಂಕವ್ವ ದಂಡಿಗಿಳಿದ್ಲು. ಮಣ್ಣು ಕುಸೀತು. ಹರಗೋಲು ಗಿರ್ರನೆ ತಿರಗಿ ಹೋತು. ಆಕಿ ನಡುನೀರಾಗ ಒಂದು ಜಾಲಿ ಟೊಂಗಿ ಹಿಡಕೊಂಡು ನೇತಾಡಾಕ ಹತ್ತಿದ್ಲು. ಟೊಂಗಿ ಸಣ್ಣದು.

ಹುಲಿಗೆಪ್ಪ ಹಗ್ಗ ಹಿಡಕೊಂಡು ಓಡಿ ಬಂದ. ಒಗದ, ಮುಟ್ಟಲಿಲ್ಲ. ಮೊಣಕಾಲ ಮಟ ನೀರಾಗ ನಿಂತ. ಹೆಸರು ಹಿಡದು ಕರದ. ಹೊಳಿ ಹರೀತು. ಎರಡನೇ ಸಲ ಕರದ. ಹೊಳಿ ಮಾರಿ ತಿರುಗಿಸಲಿಲ್ಲ. ದನೀ ಒಡದು ಮೂರನೇ ಸಲ ಕರದ.

ಹಿಂದ ಬೊಗಳಿದ ಸಪ್ಪಳಾತು. ನಾಯಿ ಬಂದಿತ್ತು.

ಹುಲಿಗೆಪ್ಪ ನಾಯಿ ನೋಡಿದ, ಹೊಳಿ ನೋಡಿದ, ಹೇಂತಿನ ನೋಡಿದ. ಹಗ್ಗದ ತುದಿ ನಾಯಿ ಬಾಯಾಗ ಕೊಟ್ಟು ಕೈ ತೋರಿಸಿದ. ಅದು ದುಡುಮ್ಮನೆ ಬಿತ್ತು, ಓರೆಯಾಗಿ ಈಸಿತು, ಟೊಂಗಿ ಮುರಿಯೂದಕ್ಕೂ ಯಂಕವ್ವ ಹಗ್ಗ ಹಿಡಿಯೂದಕ್ಕೂ ಸರಿಹೋತು. ಇವ ಎಳದ.

ದೊರಿ ಏದುಸಿರು ಬಿಡ್ತಾ ಬಂದ. "ನನ್ನ ನಾಯೀನ ಯಾಕ ಕರದಿ?"

"ನಿಮ್ಮ ನಾಯಿ ಅಲ್ರಿ. ನಮ್ಮ ಹೊಳೀನ ಕರದೆ."

ದುಭಾಷಿ ತಿಳಿಸಿ ಹೇಳಿದ. ದೊರಿ ಟೊಪಗಿ ತಗದ. ಹೆಸರು ವಾಪಸ್ ತಗೋರಿ ಅಂದ. ಊರ ಹಿರೇರು ಬ್ಯಾಡ ಅಂದ್ರು. ತಿರುಗಿ ಕೊಡಾಕಿ ಅಂತ ಹೆಸರು, ನಾಯಿ ಬಾಯಿಲೆ ಆದ್ರೂ ತಿರುಗಿ ಕೊಟ್ಟಿತ್ತಲ್ಲ. ಅದು ನಾಯಿಗೇ ಇರಲಿ, ನಕಾಶಕ್ಕೇ ಇರಲಿ. ಹೊಳಿಗೆ ಹೊಸಾದೊಂದು ಹೆಸರಿಟ್ಟು, ಮೊಣಕಾಲ ನೀರಾಗ ನಿಂತು, ಮನಿಗೊಬ್ಬರ ಕಿವ್ಯಾಗ ಹೇಳಿದ್ರು. ಅದು ನನಗೂ ಗೊತ್ತೈತಿ. ನೀವು ಕೇಳಬ್ಯಾಡ್ರಿ.

ಹೊಳಿ ಅತ್ತ ಹರೀತು, ಕಥಿ ಇತ್ತ ದಂಡಿಗೆ ಹತ್ತಿತು.

ಅವತ್ತು ಮನ್ಯಾಗ ಯಂಕವ್ವ ಒಲಿ ಮುಂದ ಕೂದಲಾ ಒಣಗಿಸ್ಕೊಂತ ಕುಂತಿದ್ಲು. ಗಂಡಗ ಅಂದ್ಲಂತ:

"ಮುಳುಗಾಕ ಹತ್ತಿದಾಕಿ ನಾನು. ನೀ ಕರದದ್ದು ಹೊಳೀನ. ಬಂದದ್ದು ನಾಯಿ. ಅಲ್ಲೋ, ಒಂದು ಸಲ ನನ್ನ ಹೆಸರೂ ಕರೀಬೇಕು ಅನಸಲಿಲ್ಲೇನು ನಿನಗ?"