ಶ್ಯಾಮರಾಯನ ಹಾಡು, ಪುಟ್ಟವ್ವನ ಹುಳ

ಒಂದು ಕಾಡಿನ ನಡುವೆ ಎತ್ತರದ ಹೊನ್ನೆಮರವಿತ್ತು. ಅದರ ತುದಿಯಲ್ಲಿ ಕೂತು ಕಾಜಾಣ ಹಕ್ಕಿ ಶ್ಯಾಮರಾಯ ದಿನಾ ಬೆಳಿಗ್ಗೆ ಹಾಡುತ್ತಿದ್ದ. ಯಾವ ಹಕ್ಕಿಯ ದನಿಯಾದರೂ ಸರಿ, ಹಾಗೆಯೇ ಹಾಡಿ ತೋರಿಸುತ್ತಿದ್ದ. ಮರದಡಿ ಅರ್ಧ ಕಾಡೇ ಸೇರುತ್ತಿತ್ತು. ಗಿರಿಜೆ ಎಂಬ ಮೊಲ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಕಾಳ್ಗಿಚ್ಚಿನಲ್ಲಿ ಮರಿಗಳನ್ನು ಕಳೆದುಕೊಂಡ ವರ್ಷ ಅವಳನ್ನು ಉಳಿಸಿದ್ದೇ ಆ ಹಾಡು.

ಒಂದು ದಿನ ಅವಳು ಪೊದೆಯ ಪಕ್ಕ ಹುಲ್ಲು ಮೇಯುತ್ತಿದ್ದಳು. ಎದುರಿಗೆ ಹರಟೆಮಲ್ಲ ಹಕ್ಕಿ ಪುಟ್ಟವ್ವ ತರಗೆಲೆ ಕೆದಕಿ, ಮರಿಗಳಿಗೆಂದು ದಪ್ಪ ಹುಳವೊಂದನ್ನು ಹಿಡಿದಳು. ಅಷ್ಟರಲ್ಲಿ ಮೇಲಿನಿಂದ ಗಿಡುಗನ ಕೂಗು ಕೇಳಿಸಿತು. ಪುಟ್ಟವ್ವ ಹುಳ ಬಿಟ್ಟು ಪೊದೆಗೆ ನುಗ್ಗಿದಳು. ಇಳಿದು ಬಂದದ್ದು ಗಿಡುಗನಲ್ಲ, ಶ್ಯಾಮರಾಯ. ಹುಳ ಕಚ್ಚಿಕೊಂಡು ಹಾರಿಹೋದ.

"ದಿನಾ ಹೀಗೇನಾ?" ಎಂದಳು ಗಿರಿಜೆ.

"ತಿಂಗಳಾಯಿತು ಗಿರಿಜಕ್ಕ. ಮೋಸ ಅಂತ ಗೊತ್ತು. ಆದರೆ ಒಂದು ದಿನ ನಿಜವಾದ ಗಿಡುಗನೇ ಬಂದರೆ? ಹೊಟ್ಟೆಗಿಲ್ಲದೆ ಚಿಕ್ಕ ಮರಿಗೆ ಕತ್ತೆತ್ತಲೂ ತ್ರಾಣವಿಲ್ಲ."

ಮರುದಿನ ಮರದಡಿ ಗಿರಿಜೆ ಈ ಮಾತೆತ್ತಿದಳು. ಶ್ಯಾಮರಾಯ ಅಭಿಮಾನಿ ಬಳಗದ ಅಧ್ಯಕ್ಷ ನರಿ ದೇವಪ್ಪ ಗಂಟಲು ಸರಿಪಡಿಸಿಕೊಂಡ. "ಹಾಡು ಬೇರೆ, ಹೊಟ್ಟೆ ಬೇರೆ. ಅವರು ಹಾಡುವಾಗ ಕದ್ದರೇ? ಇಲ್ಲವಲ್ಲ."

"ಪುಟ್ಟವ್ವನ ದನಿ ಕೇಳಿದ್ದೀರಾ? ಅವಳಿಗೆ ಹೊಟ್ಟೆಕಿಚ್ಚು," ಎಂದಿತು ಕೋತಿ.

"ಅಂಥ ದೊಡ್ಡವರು ತಿಂದದ್ದು ಆ ಹುಳದ ಪುಣ್ಯ," ಎಂದಿತು ನವಿಲು.

ಮುಳ್ಳುಹಂದಿಗೆ ಸಿಟ್ಟು ಬಂತು. "ಇನ್ನು ನಾನು ಈ ಹಾಡು ಕೇಳುವುದಿಲ್ಲ. ಕೇಳುವವರೆಲ್ಲ ಕಳ್ಳರೇ," ಎಂದು ಎದ್ದುಹೋಯಿತು. ಹೋಗಿ ಬಂಡೆಯ ಹಿಂದೆ ಕೂತು, ಹಾಡು ಮುಗಿಯುವ ತನಕ ತಲೆದೂಗಿತು.

ಗಿರಿಜೆಗೆ ಮಾತ್ರ ಸಂಕಟ. ಹಾಡು ಕೇಳಿದರೆ ಪುಟ್ಟವ್ವನ ಮರಿಯ ನೆನಪು, ಕೇಳದಿದ್ದರೆ ಹಾಡಿನ ನೆನಪು. ಎರಡು ದಿನ ಮರದ ಕಡೆ ಹೋಗದೆ ಉಳಿದಳು. ಅದರಿಂದ ಮರಿಯ ಹೊಟ್ಟೆಯೇನೂ ತುಂಬಲಿಲ್ಲ.

ಮೂರನೆಯ ದಿನ ಪುಟ್ಟವ್ವನ ಬಳಿ ಬಂದಳು. "ನೀನು ನೆಲ ನೋಡು, ಆಕಾಶ ನಾನು ನೋಡುತ್ತೇನೆ. ನಾನು ಕಾಲು ಬಡಿದರೆ ಮಾತ್ರ ಓಡು."

ಪುಟ್ಟವ್ವ ಹುಳ ಹಿಡಿದಳು. ಗಿಡುಗನ ಕೂಗು ಕೇಳಿಸಿತು. ಗಿರಿಜೆ ಆಕಾಶ ನೋಡಿದಳು, ಕಾಲು ಬಡಿಯಲಿಲ್ಲ. ಪುಟ್ಟವ್ವ ನಡುಗುತ್ತಲೇ ನಿಂತಳು. ಶ್ಯಾಮರಾಯ ಎಂದಿನಂತೆ ರಾಜಗಾಂಭೀರ್ಯದಿಂದ ಇಳಿದ. ಪೊದೆಯಲ್ಲಿ ಕಾದಿದ್ದ ಪುಟ್ಟವ್ವನ ಬಳಗದ ಆರು ಹಕ್ಕಿಗಳು ಒಮ್ಮೆಲೇ ಮೇಲೆ ಬಿದ್ದವು. ಅವನ ಬಾಲದ ಎರಡು ಉದ್ದ ಗರಿಗಳೂ ಕಿತ್ತುಬಂದವು. ಆ ದಿನ ಅವನು ತನ್ನದೇ ದನಿಯಲ್ಲಿ ಕಿರುಚಿದ.

ಸುದ್ದಿ ಹಬ್ಬಿತು. "ಅವನ ಹಾಡು ಮೊದಲಿಂದಲೂ ನನಗೆ ಅಷ್ಟಕ್ಕಷ್ಟೇ," ಎಂದ ದೇವಪ್ಪ. ಮಧ್ಯಾಹ್ನದ ಹೊತ್ತಿಗೆ ಅವನು ಮರಕುಟಿಗ ಅಭಿಮಾನಿ ಬಳಗದ ಅಧ್ಯಕ್ಷನಾಗಿದ್ದ.

ಮರುದಿನ ಹೊನ್ನೆಮರದಡಿ ಗಿರಿಜೆ ಒಬ್ಬಳೇ. ಮೋಟು ಬಾಲದ ಶ್ಯಾಮರಾಯ ಹಾಡಿದ. ಹಾಡು ಎಂದಿನಷ್ಟೇ ಇಂಪಾಗಿತ್ತು. ಮುಗಿಸಿ ಕೆಳಗೆ ನೋಡಿದ. "ನೀನೊಬ್ಬಳಾದರೂ ನನ್ನ ಕಡೆ ಇದ್ದೀಯಲ್ಲ. ಹೇಗಿತ್ತು?"

"ಹಾಡು ತುಂಬ ಚೆನ್ನಾಗಿತ್ತು," ಎಂದಳು ಗಿರಿಜೆ, ಕಣ್ಣೊರೆಸಿಕೊಳ್ಳುತ್ತ. "ಬರುತ್ತೇನೆ. ಪುಟ್ಟವ್ವ ಹುಳ ಹುಡುಕುವ ಹೊತ್ತಾಯಿತು, ನಾನು ಕಾವಲಿಗೆ ನಿಲ್ಲಬೇಕು."

ನೀತಿ: ಒಬ್ಬರ ಕಲೆಯನ್ನು ಮೆಚ್ಚಿದ ಮಾತ್ರಕ್ಕೆ ಅವರ ತಪ್ಪನ್ನು ಮುಚ್ಚಬೇಕಿಲ್ಲ. ಹಾಡು ಕೇಳಬೇಕೋ ಬೇಡವೋ ಎನ್ನುವುದಕ್ಕಿಂತ ಮೊದಲು, ನೊಂದವರ ಪಕ್ಕ ನಿಲ್ಲಬೇಕು.